ಕಿಡ್ನಾಪ್ ಸಿನಿಮಾ ಬಗ್ಗೆ ನಮ್ಮ ಮಾಳಿಗಿ ಟಾಕೀಜಿನ್ಯಾಗ ಪದೇ ಪದೇ ಕೇಳೋ ಪ್ರಶ್ನೆಗಳು

ಬಾಗಲಕೋಟಿ ನವನಗರದಾಗ ನಮ್ಮ ಮನಿ ಮಾಳಿಗಿ ಮ್ಯಾಲ ಒಂದು ಖೋಲಿ ಐತಿ. ಒಂದು ಗ್ವಾಡಿಗೆ ಬಿಳಿ ಬಣ್ಣ ಹೊಡಿಸಿ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ತಂದಿಟ್ಟೀನಿ, ಎರಡನೇ ಶನಿವಾರ ರಾತ್ರಿ ಓಣಿ ಮಂದಿ ಹತ್ತು ಹನ್ನೆರಡು ಜನ ಬರ್ತಾರ, ಚುರಮರಿ ಮಿರ್ಚಿ ಅವರವರದು, ಚಹಾ ನಮ್ಮನಿದು. ಈ ವರ್ಷ ಪೂರ್ತಿ ಒಂದ ವಿಷಯ ಹಿಡಕೊಂಡೀವಿ, ಮನಷ್ಯಾರನ್ನ ಎತ್ತಾಕ್ಕೊಂಡು ಹೋಗೋದು ಮತ್ತ ಕೂಡಿ ಹಾಕೋದು. ಪ್ರತಿ ಸಲ ಚಹಾ ಕುಡಿಯೋವಾಗ ಅವ ಪ್ರಶ್ನೆ, ನಂದೂ ಅವ ಉತ್ತರ, ಬಾಯಿ ನೋವು ಬಂತು, ಅದಕ್ಕ ಎಲ್ಲಾ ಒಂದ ಕಡೆ ಟೈಪ್ ಮಾಡೀನಿ. ಕೆಲವು ಕಡೆ ಕಥಿ ಹೇಳಬೇಕಾಗೇತಿ, ಸ್ಪಾಯ್ಲರ್ ಅಂತ ಬೈಬ್ಯಾಡ್ರಿ.

ಪ್ರ: ಬ್ಯಾರೆ ವಿಷಯ ಸಿಗಲಿಲ್ಲೇನ್ರೀ ನಿಮಗ? ಶನಿವಾರ ದಿನ ಆರಾಮ ನಗೂದು ಬಿಟ್ಟು ಇದ್ಯಾಕ?

ಇದನ್ನ ಮೊದಲು ಕೇಳಿದಾಕಿ ನಮ್ಮ ವೈನಿ. ಉತ್ತರ ಸ್ವಲ್ಪ ಉದ್ದ ಐತಿ. ನಾನು 19 ವರ್ಷದಾವ ಇದ್ದಾಗ ಸೂಟಿಯೊಳಗ ಒಂದು ಅಡತಿ ಅಂಗಡಿ ಗೋದಾಮಿನ್ಯಾಗ ಲೆಕ್ಕ ಬರಿಯಾಕ ಹೋಗ್ತಿದ್ದೆ. ಒಂದಿನ ಜ್ವರ ಬಂದಂಗಾಗಿ ಗೋವಿನಜೋಳದ ಚೀಲದ ಹಿಂದ ಅಡ್ಡಾದೆ, ನಿದ್ದಿ ಹತ್ತಿಬಿಡ್ತು, ಅವ್ರು ನೋಡದನ ಸಂಜಿ 7ಕ್ಕ ಶೆಟರ್ ಎಳದು ಕೀಲಿ ಹಾಕ್ಕೊಂಡು ಹೋದ್ರು. ಆಗ ಮೊಬೈಲ್ ಎಲ್ಲಿದು. ಮುಂಜಾನೆ 9ಕ್ಕ ತಗದ್ರು. 14 ತಾಸು. ಮಾಲಕರು ನಕ್ಕು ಚಹಾ ಇಡ್ಲಿ ಕೊಡಿಸಿದ್ರು, ಓಣ್ಯಾಗ ಎಲ್ಲಾರೂ ನಕ್ರು, ನಾನೂ ನಕ್ಕೆ. ಆದ್ರ ಅದಾದಮ್ಯಾಲ ಆರು ತಿಂಗಳು ನನಗ ಕದ ಹಾಕ್ಕೊಂಡು ಮಲಗಾಕ ಆಗಲಿಲ್ಲ ನೋಡ್ರಿ, ಆ ಸಂಗತಿ ಮಾತ್ರ ಯಾರೂ ಕೇಳ್ಲಿಲ್ಲ, ಒಳಗ ಇಲಿ ಇದ್ವೇನೋ, ಉಚ್ಚಿ ಎಲ್ಲಿ ಹೊಯ್ದಿ, ಇಂಥಾವನ್ನ ಕೇಳಿದ್ರು.

ನನ್ನನ್ನ ಯಾರೂ ಕಿಡ್ನಾಪ್ ಮಾಡಿರಲಿಲ್ಲ, ಅದು ಬರೇ ಮರೆವು. ಆದ್ರೂ ಅವತ್ತಿಂದ ಇಂಥ ಸಿನಿಮಾ ನೋಡೋವಾಗ ನಾನು ಹೆಂಗ ತಪ್ಪಿಸ್ಕೊಂಡ್ರು ಅನ್ನೋದಕ್ಕಿಂತ ಕದ ತಗದಮ್ಯಾಲ ಏನು ತೋರಸ್ತಾರ ಅನ್ನೋದನ್ನ ಕಾಯ್ಕೋತ ಕುಂದರ್ತೀನಿ. ಭಾಳ ಸಿನಿಮಾ ಅಲ್ಲೆ ಮುಗದ ಬಿಡ್ತಾವ. ಅವ್ವ ಬಂದು ತಬ್ಕೋತಾಳ, ಮ್ಯೂಸಿಕ್, ಹೆಸರು ಬರ್ತಾವ.

ಪ್ರ: ನಾನು ಹೊಸಬ, ಯಾವುದರಿಂದ ಶುರು ಮಾಡ್ಲಿ?

1963ರ ಜಪಾನಿ ಸಿನಿಮಾ, ಅಕಿರಾ ಕುರೊಸಾವಾ ಮಾಡಿದ್ದು, ‘ಹೈ ಆ್ಯಂಡ್ ಲೋ’. ಮೂಲ ಹೆಸರಿಗೆ ಸ್ವರ್ಗ ನರಕ ಅಂತ ಅರ್ಥ. ಕಪ್ಪು ಬಿಳುಪು, 2 ತಾಸು 20 ನಿಮಿಷದ ಮ್ಯಾಲೈತಿ, ಅಂಜಬ್ಯಾಡ್ರಿ.

ಒಬ್ಬ ಬೂಟಿನ ಕಂಪನಿ ಸಾಹೇಬ, ಗೊಂಡೊ ಅಂತ, ಗುಡ್ಡದ ಮ್ಯಾಲ ದೊಡ್ಡ ಬಂಗ್ಲೆ. ಕಂಪನಿ ಪೂರಾ ತನ್ನ ಕೈಗೆ ತಗೋಬೇಕಂತ ಮನಿ ಮಠಾ ಎಲ್ಲಾ ಅಡಾ ಇಟ್ಟು ರೊಕ್ಕ ಹೊಂದಿಸಿರ್ತಾನ, ಅದ ಹೊತ್ನ್ಯಾಗ ಫೋನ್ ಬರ್ತೈತಿ, ನಿನ್ನ ಮಗ ನಮ್ಮ ಕಡೆ ಅದಾನ, 3 ಕೋಟಿ ಯೆನ್ ಕೊಡು. ಆಗ ಮಗ ಒಳಗಿಂದ ಆರಾಮ ನಡಕೋತ ಬರ್ತಾನ. ಫೋನ್ ಮಾಡಿದ ಪುಣ್ಯಾತ್ಮ ತಪ್ಪಿ ಡ್ರೈವರ್ ಮಗನ್ನ ಒಯ್ದಿರ್ತಾನ. ಆದ್ರೂ ರೊಕ್ಕ ಬೇಕ ಅಂತಾನ. ಈಗ ಏನ್ ಮಾಡೂದು? ಸ್ವಂತ ಮಗ ಇದ್ರ ಕೊಡ್ತಿದ್ದೆ, ಡ್ರೈವರ್ ಮಗನ ಸಲುವಾಗಿ ಬೀದಿಗೆ ಬೀಳ್ಬೇಕಾ? ಸಿನಿಮಾದ ಅರ್ಧದಷ್ಟು ಇದೊಂದ ಹಾಲಿನ್ಯಾಗ ನಡೀತೈತಿ, ಆ ಡ್ರೈವರ್ ಮೂಲ್ಯಾಗ ತಲಿ ಬಗ್ಗಿಸಿ ನಿಂತಿರೋದು ನೋಡ್ಬೇಕ್ರಿ, ಬಾಯಿ ಬಿಟ್ಟು ಕೇಳಾಕೂ ಆಗಂಗಿಲ್ಲ, ಬ್ಯಾಡ ಅನ್ನಾಕೂ ಆಗಂಗಿಲ್ಲ. ನಮ್ಮ ಕಡೆ ಗೌಡ್ರ ಮನ್ಯಾಗ ದುಡಿಯೋ ಮಂದಿ ಹಿಂಗ ನಿಂತಿದ್ದನ್ನ ನಾನು ನೋಡೀನಿ.

ಆಮ್ಯಾಲ ರೈಲಿನ ಸೀನ್ ಬರ್ತೈತಿ, ರೊಕ್ಕದ ಬ್ಯಾಗು 7 ಸೆಂಟಿಮೀಟರ್‌ಗಿಂತ ದಪ್ಪ ಇರಬಾರ್ದು ಅಂತ ಅವ ಯಾಕ ಹೇಳಿದ ಅಂತ ಅಲ್ಲಿ ಗೊತ್ತಾಗ್ತೈತಿ, ಪಾಯಖಾನಿ ಕಿಡಕಿ ಅಷ್ಟ ತೆರಿತೈತಿ. ಹುಡುಗ ಸಿನಿಮಾದ ನಡುವ ಸಿಕ್ಕ ಬಿಡ್ತಾನ! ಉಳದ ತಾಸಿಗಿಂತ ಹೆಚ್ಚು ಹೊತ್ತು ಏನಂದ್ರ, ಆ ರೊಕ್ಕ ಕೊಟ್ಟವ ಏನಾದ, ಪೊಲೀಸ್ರು ಹೆಂಗ ಹುಡಿಕಿದ್ರು, ಕೆಳಗ ಸೆಕಿಯೊಳಗ ಇದ್ದಾವ ಗುಡ್ಡದ ಮ್ಯಾಲಿನ ಮನಿ ನೋಡಿ ನೋಡಿ ಯಾಕ ಹಿಂಗಾದ. ಪೂರಾ ಕಪ್ಪು ಬಿಳುಪಿನ್ಯಾಗ ಒಂದ ಒಂದು ಕಡೆ ಗುಲಾಬಿ ಬಣ್ಣದ ಹೊಗಿ ಏಳ್ತೈತಿ. ನಮ್ಮ ಗ್ವಾಡಿ ಮ್ಯಾಲ ಅದು ಬಂದಾಗ ಹಿಂದ ಕುಂತ ಹುಡುಗರು ಸೀಟಿ ಹೊಡದ್ರು. ಇದು ಎಡ್ ಮ್ಯಾಕ್‌ಬೇನ್ ಅನ್ನೋ ಅಮೆರಿಕದ ಲೇಖಕರ ಕಾದಂಬರಿ ಆಧಾರಿತ, 2025ರಾಗ ಸ್ಪೈಕ್ ಲೀ ಇದನ್ನ ಡೆನ್ಜೆಲ್ ವಾಷಿಂಗ್ಟನ್ ಅವರನ್ನ ಹಾಕ್ಕೊಂಡು ಮತ್ತ ಮಾಡ್ಯಾರ. ಮೊದಲು ಹಳೇದು ನೋಡ್ರಿ.

ಪ್ರ: ಕನ್ನಡದಾಗ ಇಲ್ಲೇನು? ಬರೇ ಜಪಾನಿ ಇಂಗ್ಲಿಷ್ ಹಾಕ್ತೀರಿ.

ಅದಾವ. ಆದ್ರ ಕನ್ನಡದಾಗ ಕಿಡ್ನಾಪ್ ಅಂದಕೂಡ್ಲೆ ನಮ್ಮ ತಲಿಯೊಳಗ ಸಿನಿಮಾ ಬರಂಗಿಲ್ರಿ, ಒಂದು ತಾರೀಖು ಬರ್ತೈತಿ. 2000ದ ಜುಲೈ 30, ಗಾಜನೂರಿನ ಮನಿಯಿಂದ ಅಣ್ಣಾವ್ರನ್ನ ವೀರಪ್ಪನ್ ಕರ್ಕೊಂಡು ಹೋಗಿದ್ದು. 108 ದಿವಸ. ನವೆಂಬರ್ 15ಕ್ಕ ಬಿಟ್ಟಿದ್ದು. ನಾನಾಗ ಕಾಲೇಜಿನ್ಯಾಗ ಇದ್ದೆ, ಟಾಕೀಜ್ ಕದ ಹಾಕಿದ್ವು, ನಮ್ಮ ಅಮ್ಮ, ಅಂದ್ರ ಅಪ್ಪನ ಅವ್ವ, ದಿನಾ ಸಂಜಿ ರೇಡಿಯೋ ಮುಂದ ಕುಂತು ‘ಇವತ್ತರ ಬಿಟ್ಟಾನೇನಪಾ’ ಅಂತ ಕೇಳ್ತಿದ್ಲು, ಮನಿ ಮಗನ್ನ ಒಯ್ದಂಗ. ಅವರ ಜೋಡಿ ಇನ್ನೂ ಮೂರು ಮಂದಿನ್ನ ಒಯ್ದಿದ್ರು, ಅದರಾಗ ನಾಗಪ್ಪ ಅನ್ನೋ ಸಹಾಯಕ ನಿರ್ದೇಶಕರು ನಡುವ ತಪ್ಪಿಸ್ಕೊಂಡು ಬಂದ್ರು. ತಮಿಳು ಪತ್ರಿಕೆ ಸಂಪಾದಕ ನಕ್ಕೀರನ್ ಗೋಪಾಲ್ ಮಾತುಕತಿಗೆ ಕಾಡಿಗೆ ಹೋಗಿ ಬರೋದು, ವೀರಪ್ಪನ್ ಮಾತಿನ ಕ್ಯಾಸೆಟ್ ಬರೋದು, ಎಲ್ಲಾ ನೆನಪೈತಿ.

ಇದರ ಮ್ಯಾಲ ಎ.ಎಂ.ಆರ್. ರಮೇಶ್ ಅವರ ‘ಅಟ್ಟಹಾಸ’ ಬಂತು 2013ರಾಗ, ಕಿಶೋರ್ ವೀರಪ್ಪನ್ ಆಗಿದ್ರು, ಕಿಶೋರ್ ಕೆಲಸ ಮಾತ್ರ ಜಬರ್ದಸ್ತ್. 2016ರಾಗ ರಾಮ್‌ಗೋಪಾಲ್ ವರ್ಮಾ ‘ಕಿಲ್ಲಿಂಗ್ ವೀರಪ್ಪನ್’ ಮಾಡಿದ್ರು, ಅದರಾಗ ಪೊಲೀಸ್ ಪಾರ್ಟು ಮಾಡಿದ್ದು ಅಣ್ಣಾವ್ರ ಮಗ ಶಿವಣ್ಣ, ಅದೊಂದು ವಿಚಿತ್ರ ಅನಸ್ತೈತಿ ಕುಂತು ವಿಚಾರ ಮಾಡಿದ್ರ. ಆದ್ರ ನನ್ನ ತಕರಾರು ಏನಂದ್ರ ಎರಡೂ ವೀರಪ್ಪನ್‌ದು ಪೊಲೀಸರದು ಕಥಿ. 71 ವರ್ಷದ ಒಬ್ಬ ಮನಷ್ಯಾ ಮಳಿಯೊಳಗ ಕಾಡಿನ್ಯಾಗ 108 ದಿನ ಹೆಂಗ ಕಳದ, ಹೊರಗ ಬಂದಮ್ಯಾಲ ರಾತ್ರಿ ಹೆಂಗ ಮಲಗಿದ, ಅದನ್ನ ಹಿಡಿಯೋ ಸಿನಿಮಾ ನನಗ ಬೇಕು.

ಹಗುರ ಬೇಕಂದ್ರ 2017ರ ‘ಆಪರೇಷನ್ ಅಲಮೇಲಮ್ಮ’, ಸುನಿ ಮಾಡಿದ್ದು, ರಿಷಿ ಶ್ರದ್ಧಾ ಶ್ರೀನಾಥ್. ಕಿಡ್ನಾಪ್ ಕೇಸಿನ್ಯಾಗ ಒಬ್ಬ ಸಾದಾ ಹುಡುಗ ಸಿಕ್ಕೊಂಡು ಒದ್ದಾಡೋದು. ಸೆರಿಮನಿ ಸಿನಿಮಾನೂ ಲೆಕ್ಕಕ್ಕ ತಗೋತೀರಂದ್ರ ಶಂಕರ್‌ನಾಗ್ ಅವರ ‘ಮಿಂಚಿನ ಓಟ’, 1980. ತಪ್ಪಿಸ್ಕೋಬೇಕು ಅನ್ನೋ ಒದ್ದಾಟಕ್ಕ ಕನ್ನಡದಾಗ ಅದರ ಮುಂದ ಯಾವುದೂ ಇಲ್ಲ, ನನ್ನ ಲೆಕ್ಕದಾಗ.

ಪ್ರ: ಸ್ಟಾಕ್‌ಹೋಮ್ ಸಿಂಡ್ರೋಮ್ ಅಂತಾರಲ್ಲ, ಒಯ್ದವನ ಮ್ಯಾಲನ ಪ್ರೀತಿ ಹುಟ್ಟೋದು, ಅದು ಖರೇನಾ?

ಹೆಸರು ಹೆಂಗ ಬಂತು ಅಂತ ಮೊದಲು. 1973ರ ಆಗಸ್ಟ್ 23, ಸ್ವೀಡನ್‌ದ ಸ್ಟಾಕ್‌ಹೋಮ್‌ನ್ಯಾಗ ಒಂದು ಬ್ಯಾಂಕಿಗೆ ಯಾನ್ ಎರಿಕ್ ಉಲ್ಸನ್ ಅನ್ನಾವ ಬಂದೂಕು ಹಿಡ್ಕೊಂಡು ನುಗ್ಗಿದ, ನಾಲ್ಕು ಮಂದಿ ಸಿಬ್ಬಂದಿನ್ನ 6 ದಿನ ಒತ್ತೆ ಇಟ್ಕೊಂಡ. ಜೈಲಿನ್ಯಾಗಿದ್ದ ತನಗ ಬೇಕಾದ ಇನ್ನೊಬ್ಬ ಕಳ್ಳನ್ನ ಕರಕೊಂಡು ಬರ್ರಿ ಅಂದ, ಕರ್ಕೊಂಡೂ ಬಂದ್ರು! ಒಳಗಿದ್ದ ಒಬ್ಬ ಹುಡುಗಿ, ಕ್ರಿಸ್ಟಿನ್ ಎನ್ಮಾರ್ಕ್, ಸೀದಾ ಪ್ರಧಾನಿ ಉಲಾಫ್ ಪಾಲ್ಮೆ ಅವರಿಗೆ ಫೋನ್ ಹಚ್ಚಿ ನನಗ ಕಳ್ಳರದು ಅಂಜಿಕಿ ಇಲ್ಲ, ನಿಮ್ಮ ಪೊಲೀಸರು ನುಗ್ಗಿ ನಮ್ಮನ್ನ ಸಾಯಸ್ತಾರ ಅಂತ ಅಂಜಿಕಿ ಐತಿ ಅನ್ನೋ ಅರ್ಥದಾಗ ಮಾತಾಡಿದ್ಲು. ಹೊರಗ ಪೊಲೀಸರಿಗೆ ಸಲಹಾ ಕೊಡಾಕ ನಿಂತಿದ್ದ ನಿಲ್ಸ್ ಬೆಯೆರೂಟ್ ಅನ್ನೋ ಮನೋವೈದ್ಯರು ಇದಕ್ಕ ಒಂದು ಸಿಂಡ್ರೋಮ್ ಅಂತ ಹೆಸರಿಟ್ಟುಬಿಟ್ರು.

ಈಗ ನೀವ ವಿಚಾರ ಮಾಡ್ರಿ. ಬಂದೂಕು ಒಳಗೂ ಐತಿ ಹೊರಗೂ ಐತಿ, ಪೊಲೀಸರು ಮ್ಯಾಲಿಂದ ಛತ್ತಿಗೆ ತೂತು ಕೊರಿಯಾಕ ಹತ್ಯಾರ, ಅಂಥಾದ್ರಾಗ ಎದುರಿಗೆ ಇದ್ದಾವನ ಜೋಡಿ ಚಂದ ಇದ್ದು ಜೀವ ಉಳಿಸ್ಕೊಂಡ್ರ ಅದು ರೋಗ ಏನ್ರಿ, ಶಾಣ್ಯಾತನ ಅಲ್ಲೇನು? ಅಮೆರಿಕದ ಮನೋವೈದ್ಯರ ರೋಗಗಳ ದೊಡ್ಡ ಪಟ್ಟಿ ಡಿಎಸ್‌ಎಮ್ ಅಂತಾರಲ್ಲ, ಅದರಾಗ ಇದು ಇಲ್ಲ. ಆದ್ರ ಸಿನಿಮಾದವರಿಗೆ ಅಗದಿ ಬೆಲ್ಲ ಸಿಕ್ಕಂಗಾತು. ಕೂಡಿ ಹಾಕಿದಾಕಿ ನಕ್ಕಳು ಅಂದ್ರ ಪ್ರೀತಿ ಅಂತ ಹಚ್ಚೇಬಿಟ್ರು.

ಪ್ರ: ಹಂಗಾದ್ರ ‘ಹೈವೇ’ ನಿಮಗ ಸೇರಂಗಿಲ್ಲೇನು?

ಸೇರ್ತೈತಿ, ಅರ್ಧ. ಇಮ್ತಿಯಾಜ್ ಅಲಿ ಅವರ 2014ರ ಸಿನಿಮಾ, ಆಲಿಯಾ ಭಟ್ ರಣದೀಪ್ ಹೂಡಾ. ಅದರಾಗ ಆಕಿಗೆ ತನ್ನ ಮನೀನ ಮೊದಲನೇ ಸೆರಿ ಆಗಿರ್ತೈತಿ, ಸಣ್ಣಾಕಿದ್ದಾಗ ಮನಿಗೆ ಬರೋ ದೊಡ್ಡ ಮನಷ್ಯಾನ ಆಕಿಗೆ ಏನ್ ಮಾಡಿದ್ದ ಅನ್ನೋದು ಬರ್ತೈತಲ್ಲ, ಆ ಮಾತು ಹೇಳೋ ಸೀನ್ ಭಾಳ ದೊಡ್ಡದು. ಕಡೀಕ ಮನಿಗೆ ವಾಪಸ್ ಬಂದು ಎಲ್ಲಾರ ಮುಂದ ಚೀರ್ತಾಳ, ಅದು ನಾನು ಹೇಳಿದ ‘ಕದ ತಗದಮ್ಯಾಲ’. ಆದ್ರ ನಡುವ ಹಿಮ, ಗುಡ್ಡ, ಹಾಡು, ಲಾರಿ ಪ್ರವಾಸ, ನೋಡಿದ ಹುಡುಗರಿಗೆ ಒಯ್ದ್ರ ಹಿಂಗ ಆಗ್ತೈತಿ ಅನಸಬಾರ್ದು ನೋಡ್ರಿ.

ನಮ್ಮ ಸಿನಿಮಾದಾಗ ಹೀರೋ ಹುಡುಗಿನ್ನ ಬೈಕ್ ಮ್ಯಾಲ ಎತ್ತಾಕ್ಕೊಂಡು ಹೋಗಿ ಗುಡಿಯೊಳಗ ತಾಳಿ ಕಟ್ಟೋದನ್ನ ಎಷ್ಟ್ ಸಲ ನೋಡಿಲ್ಲ ನಾವು, ಚಪ್ಪಾಳಿ ಹೊಡದೀವಿ. ಅದಕ್ಕ ಮದ್ದು ಅಂದ್ರ 1965ರ ‘ದಿ ಕಲೆಕ್ಟರ್’, ವಿಲಿಯಂ ವೈಲರ್ ಮಾಡಿದ್ದು. ಚಿಟ್ಟಿ ಹಿಡದು ಗುಂಡಸೂಜಿ ಚುಚ್ಚಿ ಇಡೋ ಒಬ್ಬ ಹುಡುಗ ಫುಟ್‌ಬಾಲ್ ಬೆಟ್ಟಿಂಗಿನ್ಯಾಗ ರೊಕ್ಕ ಬಂದಕೂಡ್ಲೆ ಒಂದು ಹುಡುಗಿನ್ನ ಒಯ್ದು ನೆಲಮಾಳಿಗ್ಯಾಗ ಇಡ್ತಾನ, ಬಟ್ಟಿ ತಂದಿಡ್ತಾನ, ಪುಸ್ತಕ ತಂದಿಡ್ತಾನ, ನಾನು ನಿನಗ ಏನ್ ಕಮ್ಮಿ ಮಾಡೀನಿ, ಯಾಕ ಪ್ರೀತಿ ಮಾಡವಲ್ಲಿ ಅಂತ ಕೇಳ್ತಾನ. ಖರೇನ ಕೇಳ್ತಾನ, ಅವಗ ತಿಳಿಯೂದಿಲ್ಲ. ಅವ ಕೆಟ್ಟ ಮಾರಿ ಮಾಡಿ ಕಿರಚಿದ್ರ ಇಷ್ಟ್ ಅಂಜಿಕಿ ಆಗ್ತಿರಲಿಲ್ಲ.

ಪ್ರ: ಸಿನಿಮಾದಾಗ ಕಿಡ್ನಾಪ್ ಅಂತಾರ, ಪೇಪರಿನ್ಯಾಗ ಅಪಹರಣ ಅಂತಾರ, ಕೋರ್ಟಿನ್ಯಾಗ ಏನಂತಾರ?

ವಕೀಲ ಗೆಳೆಯಾ ಹೇಳಿದ್ದು, ನಾನು ಆಮ್ಯಾಲ ಓದಿದ್ದು ಕೂಡಿಸಿ ಬರೀತೀನಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದೈತಿ. ಅದರ 137ನೇ ಕಲಮಿನ್ಯಾಗ ಕಿಡ್ನಾಪಿಂಗ್: 18 ವರ್ಷದೊಳಗಿನವ್ರನ್ನ ಪಾಲಕರ ಒಪ್ಪಿಗಿ ಇಲ್ಲದ ಒಯ್ಯೋದು ಪುಸಲಾಯಿಸೋದು ಇದರಾಗ ಬರ್ತೈತಿ, ಹುಡುಗ ತಾನಾಗಿ ಬಂದಾನ ಅಂದ್ರೂ ನಡಿಯಂಗಿಲ್ಲ. 138 ಅಬ್ಡಕ್ಷನ್: ಜೋರು ಮಾಡಿ ಇಲ್ಲಾ ಮೋಸ ಮಾಡಿ ಯಾರನ್ನಾದರೂ ಒಂದು ಜಾಗದಿಂದ ಹೊಂಡಿಸೋದು, ವಯಸ್ಸು ಎಷ್ಟರ ಇರಲಿ. ಒತ್ತೆ ಹಣಕ್ಕ ಒಯ್ದು ಜೀವದ ಬೆದರಿಕಿ ಹಾಕಿದ್ರ 140ರಾಗ ಜೀವಾವಧಿ ಇಲ್ಲಾ ಗಲ್ಲು, ಹಳೇ ಐಪಿಸಿಯೊಳಗ ಇದು 364ಎ ಅಂತ 1993ರಾಗ ಸೇರಿತ್ತು. ಬರೇ ಖೋಲ್ಯಾಗ ಕೂಡಿ ಹಾಕಿದ್ರೂ ಅಪರಾಧನ, 127. ಮನಿ ಮಂದಿನ ಮಗಳನ್ನ ಪ್ರೇಮದ ಕಾರಣಕ್ಕ ಕೂಡಿ ಹಾಕಿದ್ರೂ.

ಯಾರನ್ನೋ ಅಕ್ರಮವಾಗಿ ಇಟ್ಕೊಂಡಾರ ಅಂದ್ರ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್, ಅಂದ್ರ ಆ ಮನಷ್ಯಾನ್ನ ಕೋರ್ಟಿನ ಮುಂದ ಹಾಜರ ಮಾಡಸ್ರಿ ಅನ್ನೋ ಅರ್ಜಿ, ಹಾಕಬೌದು, ನಮ್ಮ ಬಾಗಲಕೋಟಿ, ಬೆಳಗಾವಿಗೆ ಧಾರವಾಡ ಪೀಠ, ವಿಜಯಪುರದವ್ರು ಕಲಬುರಗಿ ಪೀಠಕ್ಕ ಹೋಗ್ಬೇಕು.

ಪ್ರ: ಕಾಣಿ ಆದ್ರ 24 ತಾಸು ಕಾಯಬೇಕು, ಆಮ್ಯಾಲ ಕಂಪ್ಲೇಂಟ್, ಅಂತ ಎಲ್ಲಾ ಸಿನಿಮಾದಾಗ ಹೇಳ್ತಾರ?

ಸುಳ್ಳ. ಹಂಗ ಕಾಯೋ ಕಾಯ್ದೆ ಇಲ್ಲ. ಮಕ್ಕಳ ವಿಷಯದಾಗಂತೂ ಸುಪ್ರೀಂ ಕೋರ್ಟ್ 2013ರಾಗ ಹೇಳೇಬಿಟ್ಟೈತಿ, ಹುಡುಗ ಕಾಣಿ ಆದ ಅಂದಕೂಡ್ಲೆ ಅಪಹರಣ ಅಂತನ ತಿಳ್ಕೊಂಡು ಎಫ್‌ಐಆರ್ ಮಾಡ್ಬೇಕು. ನಂಬರ್ 112, ಮಕ್ಕಳಿಗೆ 1098. ಯಾವ ಸ್ಟೇಷನ್ ಹದ್ದಿ ಅಂತ ನೋಡೂದು ಬ್ಯಾಡ, ಝೀರೋ ಎಫ್‌ಐಆರ್ ಎಲ್ಲಿ ಬೇಕಾದ್ರೂ ಕೊಡಬೌದು.

ಪ್ರ: ಒಂದ ಖೋಲಿ, ಒಬ್ಬ ಮನಷ್ಯಾ, 2 ತಾಸು. ಬ್ಯಾಸರ ಬರಂಗಿಲ್ಲೇನು?

ಕೆಟ್ಟ ಡೈರೆಕ್ಟರ್ ಕೈಯಾಗ ಸಿಕ್ಕ್ರ ಬರ್ತೈತಿ. 2010ರ ‘ಬರೀಡ್’ ನೋಡ್ರಿ, ರಯಾನ್ ರೆನಾಲ್ಡ್ಸ್ ಮಣ್ಣೊಳಗ ಹುಗದ ಪೆಟಿಗ್ಯಾಗ, ಸಿನಿಮಾ ಆ ಪೆಟಿಗಿ ಬಿಟ್ಟು ಹೊರಗ ಬರೂದಿಲ್ಲ, ಒಂದು ಲೈಟರ್ ಒಂದು ಮೊಬೈಲ್ ಅಷ್ಟ. ಅದು ಮುಗಿಯೂತನಕ ನಮ್ಮ ಖೋಲ್ಯಾಗ ಯಾರೂ ಚುರಮರಿ ಮುಟ್ಟಲಿಲ್ಲ.

ನನಗ ಅದಕ್ಕಿಂತ ಹತ್ರದ್ದು ವಿಕ್ರಮಾದಿತ್ಯ ಮೋಟ್ವಾನೆ ಅವರ ‘ಟ್ರ್ಯಾಪ್ಡ್’. ರಾಜ್‌ಕುಮಾರ್ ರಾವ್ ಮುಂಬೈದಾಗ ಯಾರೂ ಇರದ ಒಂದು ಎತ್ತರದ ಬಿಲ್ಡಿಂಗಿನ ಫ್ಲ್ಯಾಟಿನ್ಯಾಗ ತಾನ ಸಿಕ್ಕೊಂತಾನ, ಕಳ್ಳ ಇಲ್ಲ, ವಿಲನ್ ಇಲ್ಲ, ಕೀಲಿ ಒಂದು ಕಡೆ ಅವ ಒಂದು ಕಡೆ. ಕೆಳಗ ಇಡೀ ಮುಂಬೈ ಓಡ್ಯಾಡತೈತಿ, ಒಬ್ಬರೂ ಮ್ಯಾಲ ನೋಡಂಗಿಲ್ಲ. ನನ್ನ ಗೋದಾಮು ನೆನಪಾತು, ಹೊರಗ ಟಂಟಂ ಹೋಗೋ ಸಪ್ಪಳ ನನಗ ಕೇಳ್ತಿತ್ತು, ನನ್ನ ಧ್ವನಿ ಅವ್ರಿಗೆ ಕೇಳ್ತಿರಲಿಲ್ಲ. ಇಂಥ ಸಿನಿಮಾದಾಗ ಸೌಂಡ್ ಕೇಳ್ರಿ, ಬರೇ ಚಿತ್ರ ನೋಡಬ್ಯಾಡ್ರಿ, ಹೊರಗಿನ ಜಗತ್ತು ಕಿವಿಯಿಂದನ ಒಳಗ ಬರ್ತೈತಿ.

ಮಲಯಾಳಂದು ‘ಹೆಲನ್’, 2019, ಚಿಕನ್ ಅಂಗಡ್ಯಾಗ ದುಡಿಯೋ ಹುಡುಗಿ ಫ್ರೀಜರ್ ಖೋಲ್ಯಾಗ ಸಿಕ್ಕೊಂತಾಳ. ಆಕಿ ಎಲ್ಲಿ ಅದಾಳ ಅಂತ ಗೊತ್ತಾಗೋದು ಎಂಥಾದರಿಂದ ಅಂದ್ರ ದಿನಾ ಹೋಗೋವಾಗ ಒಬ್ಬ ವಾಚ್‌ಮನ್ ಮಾರಿ ನೋಡಿ ನಗ್ತಿದ್ಲು, ಅವತ್ತು ನಕ್ಕಿಲ್ಲ ಅಂತ ಅವ ನೆನಪಿಟ್ಟಿರ್ತಾನ. ನಮ್ಮ ಅಡತಿ ಅಂಗಡಿ ಹಮಾಲರಿಗೆ ನಾನು ಅಷ್ಟ ನಕ್ಕಿದ್ರ ಅವರೂ ನೆನಸ್ತಿದ್ರೇನೋ.

ಪ್ರ: ‘ರೂಮ್’ ಸಿನಿಮಾದಾಗ ಅರ್ಧಕ್ಕ ತಪ್ಪಿಸ್ಕೊಂಡ್ರು, ಅಲ್ಲೆ ಮುಗಿಸಬೇಕಿತ್ತು, ಉಳದರ್ಧ ಯಾಕ ಎಳದ್ರು?

ಇದನ್ನ ಕನಿಷ್ಠ ಎಂಟು ಮಂದಿ ಕೇಳ್ಯಾರ. ಆ ಉಳದರ್ಧದ ಸಲುವಾಗಿನ ನಾನು ಈ ವರ್ಷದ ಪಟ್ಟಿ ಮಾಡಿದ್ದು.

2015ರ ಸಿನಿಮಾ, ಲೆನಿ ಅಬ್ರಹಾಮ್‌ಸನ್ ಮಾಡಿದ್ದು, ಎಮ್ಮಾ ಡೊನಾಹ್ಯೂ ತಮ್ಮ ಕಾದಂಬರಿಗೆ ತಾವ ಚಿತ್ರಕಥೆ ಬರದ್ರು, ಬ್ರೀ ಲಾರ್ಸನ್‌ಗೆ ಆಸ್ಕರ್ ಬಂತು. 7 ವರ್ಷದಿಂದ ಒಂದು ಶೆಡ್ಡಿನ್ಯಾಗ ಇಟ್ಟ ಹುಡುಗಿ, ಅಲ್ಲೇ ಹುಟ್ಟಿದ 5 ವರ್ಷದ ಮಗ. ಮ್ಯಾಲೊಂದು ಗಾಜಿನ ಕಿಂಡಿ ಬಿಟ್ರ ಕಿಡಕಿ ಇಲ್ಲ. ಆ ಕೂಸಿಗೆ ಜಗತ್ತಂದ್ರ ಆ ಖೋಲಿನ, ಮುಂಜಾನೆ ಎದ್ದು ಕುರ್ಚಿಗೆ, ಸಿಂಕಿಗೆ, ಗಿಡಕ್ಕ ಗುಡ್ ಮಾರ್ನಿಂಗ್ ಹೇಳ್ತೈತಿ. ತಪ್ಪಿಸ್ಕೊಳ್ಳೋ ಸೀನಿನ್ಯಾಗ ನಮ್ಮ ಮಾಳಿಗಿ ಮ್ಯಾಲ ಎಲ್ಲಾರೂ ಉಸಿರು ಹಿಡ್ಕೊಂಡು ಕುಂತಿದ್ರು, ಆಮ್ಯಾಲ ಚಪ್ಪಾಳಿ, ಇಬ್ಬರು ಚಪ್ಪಲ್ ಹಾಕ್ಕೊಳ್ಳಾಕನೂ ಎದ್ರು. ಕುಂದರ್ರಿ, ಇನ್ನೂ ಒಂದು ತಾಸೈತಿ ಅಂದೆ.

ಆ ಒಂದು ತಾಸಿನ್ಯಾಗ ಏನಾಗ್ತೈತಿ? ಅವ್ವಗ ತವರುಮನಿ ತನ್ನದು ಅನಸೂದಿಲ್ಲ, ಅಪ್ಪ ಮೊಮ್ಮಗನ ಮಾರಿ ನೋಡೂದಿಲ್ಲ, ಅದು ಆ ಪಾಪಿ ಕೂಸು ಅಂತ. ಟಿವಿಯಾಕಿ ಬಂದು ಮೆತ್ತಗ ಕೇಳ್ತಾಳ, ಕೂಸು ಹುಟ್ಟಿದಾಗ ಅದನ್ನರ ಹೊರಗ ಕಳಸಬೇಕಿತ್ತಲ್ಲ, ಆಸ್ಪತ್ರಿ ಮುಂದ ಇಟ್ಟು ಬಾ ಅಂತ ಅವಗ ಹೇಳ್ಬೇಕಿತ್ತಲ್ಲ. ಅಂದ್ರ ತಪ್ಪು ಈಕಿ ಮ್ಯಾಲನ ಬಂತು.

ಅವತ್ತು ನಮ್ಮ ಪಕ್ಕದ ಮನಿ ಕಾಕು ಒಂದು ಮಾತು ಅಂದ್ರು. 70ರ ಮ್ಯಾಲ ಅದಾರ, ಸಬ್‌ಟೈಟಲ್ ಓದಾಕ ಬರೂದಿಲ್ಲ, ಮೊಮ್ಮಗಳು ಕಿವ್ಯಾಗ ಹೇಳ್ತಾಳ. ‘ಸೀತವ್ವಗೂ ಹಿಂಗ ಕೇಳಿದ್ರಲ್ಲಪಾ’ ಅಂದ್ರು. ಲಂಕೆಯೊಳಗ ಅಶೋಕವನದಾಗ ಕುಂತಾಕಿನ್ನ ಯುದ್ಧ ಮಾಡಿ ಬಿಡಿಸ್ಕೊಂಡು ಬಂದು, ಬೆಂಕ್ಯಾಗ ಹೊಕ್ಕು ಬಾ ಅಂದ್ರು, ಅದೂ ಸಾಲದಂತ ಊರ ಮಾತು ಕೇಳಿ ಬಸುರಿನ್ನ ಕಾಡಿಗೆ ಕಳಸಿದ್ರು. ಇಡೀ ಖೋಲಿ ಸುಮ್ಮಕಾತು. ನಾನು 20 ವರ್ಷದಿಂದ ಸಿನಿಮಾ ನೋಡ್ಕೋತ ಓದ್ಕೋತ ಬಂದು ಹೇಳಬೇಕಂತಿದ್ದನ್ನ ಕಾಕು ಒಂದು ಸಾಲಿನ್ಯಾಗ ಹೇಳಿ, ಚಹಾ ಆತೇನೋ ಅಂತ ಕೇಳಿದ್ರು.

ಪ್ರ: ‘ಓಲ್ಡ್‌ಬಾಯ್’ ಮನಿ ಮಂದಿ ಜೋಡಿ ನೋಡಬೌದಾ?

ಬ್ಯಾಡ. ಯಪ್ಪಾ, ಬ್ಯಾಡ. ಒಬ್ಬರ ನೋಡ್ರಿ, ಆಮ್ಯಾಲ ಯಾರ ಜೋಡಿನೂ ಮಾತಾಡಾಕ ಹೋಗಬ್ಯಾಡ್ರಿ ಎರಡು ದಿನ. ಪಾರ್ಕ್ ಚಾನ್ ವುಕ್, ಕೊರಿಯಾ, 2003, ಫ್ರಾನ್ಸಿನ ಕಾನ್ ಸಿನಿಮಾ ಹಬ್ಬದಾಗ ಗ್ರ್ಯಾಂಡ್ ಪ್ರಿ ಬಹುಮಾನ ಬಂತು. ಯಾಕ ಅಂತ ಗೊತ್ತಿಲ್ಲದ 15 ವರ್ಷ ಒಂದು ಖೋಲ್ಯಾಗ ಇಟ್ಟು ಒಂದಿನ ಬಿಟ್ಟ ಬಿಡ್ತಾರ. ಎಲ್ಲಾರೂ ಯಾಕ ಕೂಡಿ ಹಾಕಿದ್ರು ಅಂತ ಕೇಳ್ತಾರ, ಸಿನಿಮಾ ಯಾಕ ಬಿಟ್ರು ಅಂತ ಕೇಳು ಅಂತೈತಿ.

ಪ್ರ: ‘ನಿಜ ಘಟನೆ ಆಧಾರಿತ’ ಅಂತ ಹಾಕಿರ್ತಾರಲ್ಲ, ನಂಬಬೌದಾ?

‘ಫಾರ್ಗೋ’ ಅಂತ 1996ರ ಸಿನಿಮಾ, ಗಂಡ ತನ್ನ ಹೆಂಡ್ತಿನ್ನ ತಾನ ಕಿಡ್ನಾಪ್ ಮಾಡಿಸಿ ಮಾವನ ರೊಕ್ಕ ಹೊಡಿಯಾಕ ನೋಡ್ತಾನ. ಶುರುವಿಗೆ ಇದು ಖರೆ ಕಥಿ ಅಂತ ದೊಡ್ಡದಾಗಿ ಬರ್ತೈತಿ. ಅಂಥ ಕೇಸ್ ನಡದ ಇಲ್ಲ, ಸಿನಿಮಾ ಮಾಡಿದ ಕೋಯೆನ್ ಅಣ್ಣತಮ್ಮಂದಿರು ಬೇಕಂತ ಹಾಕಿದ್ದು. ಹಂಗಂತ ಎಲ್ಲಾ ಸುಳ್ಳಲ್ಲ. ಮಣಿರತ್ನಂ ಅವರ ‘ರೋಜಾ’ಕ್ಕ 1991ರಾಗ ಕಾಶ್ಮೀರದಾಗ ಇಂಡಿಯನ್ ಆಯಿಲ್ ಅಧಿಕಾರಿ ಒಬ್ಬರ ಅಪಹರಣ ಆಗಿದ್ದು ಪ್ರೇರಣೆ. ‘ನೀರಜಾ’ 1986ರ ಸೆಪ್ಟೆಂಬರ್ 5ಕ್ಕ ಕರಾಚ್ಯಾಗ ಹೈಜಾಕ್ ಆದ ಪ್ಯಾನ್ ಆ್ಯಮ್ ವಿಮಾನದ್ದು. ರಿಡ್ಲಿ ಸ್ಕಾಟ್ ಅವರ ‘ಆಲ್ ದ ಮನಿ ಇನ್ ದ ವರ್ಲ್ಡ್’ 1973ರಾಗ ರೋಮ್‌ದಾಗ ಗೆಟ್ಟಿ ಅನ್ನೋ ಎಣ್ಣಿ ಸಾಹುಕಾರನ ಮೊಮ್ಮಗನ್ನ ಒಯ್ದದ್ದು, ಆ ಮುದುಕ ಜಗತ್ತಿನ ಭಾರಿ ಶ್ರೀಮಂತರೊಳಗ ಒಬ್ಬ, ಮೊದಲಿಗೆ ಒಂದು ಪೈಸಾ ಕೊಡಂಗಿಲ್ಲ ಅಂದ, ಆಮ್ಯಾಲ ಹುಡುಗನ ಕಿವಿ ಕೊಯ್ದು ಪೋಸ್ಟಿನ್ಯಾಗ ಕಳಸಿದ್ರು. ಕುರೊಸಾವಾ ಸಿನಿಮಾದ ಬೂಟಿನ ಸಾಹೇಬನ ಪಕ್ಕ ಈ ಮುದುಕನ್ನ ಇಟ್ಟು ನೋಡ್ರಿ.

ಪ್ರ: ಆ ಬೈಕಿನ ಮ್ಯಾಲ ಬಂದು ಹುಡುಗನ್ನ ಒಯ್ಯೋ ವಿಡಿಯೋ, ವಾಟ್ಸಾಪಿನ್ಯಾಗ ಬಂದಿತ್ತಲ್ಲ, ಅದು ಎಲ್ಲಿದು?

ಜಗತ್ತಿನ್ಯಾಗ ಅತೀ ಹೆಚ್ಚು ಹಾನಿ ಮಾಡಿದ ಕಿಡ್ನಾಪ್ ಸಿನಿಮಾ ಯಾವುದು ಅಂತ ಕೇಳಿದ್ರ ನಾನು ಅದನ್ನ ಹೇಳ್ತೀನಿ, ಒಂದು ನಿಮಿಷದ್ದೂ ಇರಲಿಕ್ಕಿಲ್ಲ. ಓಣ್ಯಾಗ ಹುಡುಗರು ಆಡಾಕ ಹತ್ತಿರ್ತಾರ, ಬೈಕಿನ ಮ್ಯಾಲ ಇಬ್ಬರು ಬಂದು ಒಂದು ಹುಡುಗನ್ನ ಎತ್ಕೊಂಡು ಹೊಂಟ ಬಿಡ್ತಾರ. ಅದು ಕರಾಚಿದು. ಮಕ್ಕಳ ಮ್ಯಾಲ ಕಣ್ಣಿಡ್ರಿ ಅಂತ ಅಲ್ಲಿ ಒಂದು ಸಂಸ್ಥೆ ಮಾಡಿಸಿದ ಜಾಹೀರಾತು. ಮೂಲದಾಗ ಅವ್ರು ಬೈಕ್ ತಿರುಗಿಸಿ ಬಂದು ಹುಡುಗನ್ನ ವಾಪಸ್ ಬಿಟ್ಟು ಒಂದು ಬೋರ್ಡ್ ಹಿಡದು ತೋರಸ್ತಾರ. ಆ ಕಡೀ ಭಾಗ ಕತ್ತರಿಸಿ ಯಾರೋ ಬಿಟ್ರು. ಜೋಡಿ ಒಂದು ವಾಯ್ಸ್ ಮೆಸೇಜು, ನಮ್ಮ ಜಿಲ್ಲೆಗೆ ಬಂದಾರ, ಇಷ್ಟು ಮಂದಿ ಅದಾರ.

2018ರಾಗ ಏನೇನಾತು ನಿಮಗ ಗೊತ್ತು. ಮಹಾರಾಷ್ಟ್ರದ ಧುಳೆ ಜಿಲ್ಲಾದ ರೈನಪಾಡಾದಾಗ ಜುಲೈ 1ಕ್ಕ ಭಿಕ್ಷಾ ಬೇಡಾಕ ಬಂದ ಗೋಸಾವಿ ಮಂದಿ ಐದು ಜನರನ್ನ ಹೊಡದು ಕೊಂದ್ರು, ಅದ ತಿಂಗಳು ನಮ್ಮ ಬೀದರ ಜಿಲ್ಲಾದ ಮುರ್ಕಿಯೊಳಗ ಹೈದರಾಬಾದಿನ ಒಬ್ಬ ಎಂಜಿನಿಯರನ್ನ ಕೊಂದ್ರು, ಮಕ್ಕಳಿಗೆ ಚಾಕ್ಲೇಟ್ ಕೊಟ್ಟದ್ದನ್ನ ನೋಡಿ ಸಂಶಯ ಬಂದು. ಆಮ್ಯಾಲ ವಾಟ್ಸಾಪಿನವರು ಇಂಡಿಯಾದಾಗ ಒಂದು ಸಲಕ್ಕ ಐದಕ್ಕಿಂತ ಹೆಚ್ಚು ಫಾರ್ವರ್ಡ್ ಬರದಂಗ ಮಾಡಿದ್ರು. ಇಷ್ಟಾದ್ರೂ 2022ರ ಸೆಪ್ಟೆಂಬರಿನ್ಯಾಗ ವಿಜಯಪುರದಿಂದ ಪಂಢರಪುರಕ್ಕ ಹೊಂಟಿದ್ದ ನಾಲ್ಕು ಮಂದಿ ಸಾಧುಗಳು ಜತ್ತ ತಾಲೂಕಿನ ಲವಂಗಾದಾಗ ಒಂದು ಹುಡುಗನ್ನ ದಾರಿ ಕೇಳಿದ್ರು, ಮಂದಿ ಮಕ್ಕಳ ಕಳ್ಳರು ಅಂತ ಕೋಲು ತಗೊಂಡು ಹೊಡದ್ರು. ನಮ್ಮಿಂದ ಎಷ್ಟ್ ದೂರ ಜತ್ತ? ಅವತ್ತು ನಮ್ಮ ಓಣಿ ಗ್ರೂಪಿನ್ಯಾಗೂ ಆ ವಿಡಿಯೋ ತಿರುಗಿ ಬಂದಿತ್ತು, ಹಾಕಿದಾವ ನಮ್ಮ ಟಾಕೀಜಿಗೆ ಬರಾವ. ಅವಗ ನಾನು ಪೂರ್ತಿ ವಿಡಿಯೋ ತೋರಿಸ್ದೆ, ನೋಡಿ, ‘ಮತ್ತ ಬಿಟ್ರಲ್ಲ ಹುಡುಗನ್ನ’ ಅಂದ.

ಕಡೀ ಭಾಗ ಬದಲಿಸೋದು ದೊಡ್ಡ ಡೈರೆಕ್ಟರುಗಳೂ ಮಾಡ್ಯಾರ, ಅದು ಇಷ್ಟ್ ಘಾತ ಅಲ್ಲ ಬಿಡ್ರಿ. 1988ರ ಡಚ್ ಸಿನಿಮಾ ‘ದಿ ವ್ಯಾನಿಶಿಂಗ್’ ಮಾಡಿದ ಜಾರ್ಜ್ ಸ್ಲೌಜರ್ ಅವರ 1993ರಾಗ ಅದನ್ನ ಹಾಲಿವುಡ್ಡಿಗೆ ಮತ್ತ ಮಾಡಿದ್ರು, ಮುಕ್ತಾಯ ಸುಖದ್ದು ಮಾಡಿದ್ರು, ಸಿನಿಮಾ ಸತ್ತಹೋತು. ಹಳೇದರ ಮುಕ್ತಾಯ ಏನು ಅಂತ ಬಡದ್ರೂ ನಾನು ಹೇಳೂದಿಲ್ಲ.

ಪ್ರ: ನಗೂ ಬರೂವಂಥದು ಒಂದೂ ಇಲ್ಲೇನ್ರಿ?

ತಮಿಳಿನ ‘ಸೂದು ಕವ್ವುಂ’, 2013, ವಿಜಯ್ ಸೇತುಪತಿ. ಕಿಡ್ನಾಪ್ ಮಾಡಾಕ ಐದು ನಿಯಮ ಇಟ್ಕೊಂಡಾವ, ದೊಡ್ಡವರ ಮಕ್ಕಳಿಗೆ ಕೈ ಹಾಕಬಾರ್ದು ಅಂತ ತಾನ ನಿಯಮ ಮಾಡಿ ಮಂತ್ರಿ ಮಗನ್ನ ಒಯ್ದು ಸಿಕ್ಕೊಂತಾನ. ಮಂತ್ರಿ ಭಾಳ ಪ್ರಾಮಾಣಿಕ, ಅದ ದೊಡ್ಡ ಸಮಸ್ಯಾ.

ಪ್ರ: ನಮ್ಮ ಭಾಗದಾಗ ಸಿನಿಮಾ ಆಗೋವಂಥ ಸೆರೆ ಕಥಿ ಇಲ್ಲೇನು?

ಇಲ್ಲದೇನು. 1824ರ ಅಕ್ಟೋಬರ್ 23ಕ್ಕ ಕಿತ್ತೂರಿನ್ಯಾಗ ಥ್ಯಾಕರೆ ಸತ್ತದ್ದು ಎಲ್ಲಾರಿಗೂ ಗೊತ್ತು, ಆದ್ರ ಅವತ್ತು ಸ್ಟೀವನ್ಸನ್, ಎಲಿಯಟ್ ಅನ್ನೋ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಚೆನ್ನಮ್ಮನ ಕೈಗೆ ಒತ್ತೆ ಸಿಕ್ಕಿದ್ರು. ಯುದ್ಧ ನಿಲ್ಲಸ್ತೀವಿ ಅಂದ ಮಾತಿನ ಮ್ಯಾಲ ಆಕಿ ಇಬ್ಬರನ್ನೂ ಬಿಟ್ಟಳು. ಅವ್ರು ಹೆಚ್ಚಿನ ದಂಡು ತಗೊಂಡು ಬಂದು ಡಿಸೆಂಬರಿನ್ಯಾಗ ಕೋಟಿ ಹೊಡದ್ರು, ಆಕಿನ್ನ ಒಯ್ದು ಬೈಲಹೊಂಗಲದಾಗ ಇಟ್ರು, 1829ರ ಫೆಬ್ರವರಿ 2ಕ್ಕ ಅಲ್ಲೇ ತೀರಿಕೊಂಡಳು. ಬಿ.ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’ ನೋಡಿಲ್ಲದವರು ಯಾರಿಲ್ಲ, ಬಿ. ಸರೋಜಾದೇವಿಯವರ ಧ್ವನಿ ಇನ್ನೂ ಕಿವ್ಯಾಗೈತಿ. ನನಗ ಬೇಕಾಗಿದ್ದು ಆ ಬೈಲಹೊಂಗಲದ ನಾಲ್ಕು ವರ್ಷ. ಕುದುರಿ ಇಲ್ಲ, ಕತ್ತಿ ಇಲ್ಲ, ಹೊರಗ ರಾಯಣ್ಣನ ಸುದ್ದಿ ಬಂದ್ರೂ ಬಂತು ಇಲ್ಲಾ ಇಲ್ಲ. ನಾಳೆ ಯಾರರ ಮಾಡಿದ್ರ ಪ್ರೊಜೆಕ್ಟರ್ ಬಲ್ಬ್ ಹೊಸಾದು ಹಾಕಸ್ತೀನಿ. ವಿಜಯಪುರದವರಿಗೂ ಒಂದೈತಿ, 1686ರಾಗ ಔರಂಗಜೇಬ ಊರು ಗೆದ್ದಾಗ ಹುಡುಗ ವಯಸ್ಸಿನ ಸುಲ್ತಾನ ಸಿಕಂದರ್ ಆದಿಲ್ ಶಾಹ್ ಸೆರಿಯಾದ, 1700ರಾಗ ಸಾಯೋತನಕ ಬಿಡಲಿಲ್ಲ. ಗೋಲಗುಂಬಜ್ ನೋಡಾಕ ಹೋದವರು ಅವನ ಹೆಸರ ಕೇಳೂದಿಲ್ಲ.

ಪ್ರ: ಸಣ್ಣ ಹುಡುಗರನ್ನ ಕರ್ಕೊಂಡು ಬರಬೌದಾ? ಎಷ್ಟಕ್ಕ ಶುರು?

8:30ಕ್ಕ. ‘ಹೈ ಆ್ಯಂಡ್ ಲೋ’, ‘ಹೆಲನ್’ ಇದ್ದಾಗ 12ರ ಮ್ಯಾಲಿನವರು ಬರ್ಲಿ. ಉಳದದ್ದಕ್ಕ ಬ್ಯಾಡ. ಚಪ್ಪಲ್ ಮೆಟ್ಲ ಕೆಳಗ.

ಪ್ರ: ಸಿನಿಮಾ ನಡದಾಗ ಕದ ಯಾಕ ಅರ್ಧ ತಗದಿಟ್ಟಿರ್ತೀರಿ? ಬೆಳಕು ಬರ್ತೈತಿ, ಗುಂಗಾಡ ಬರ್ತಾವ.

‘ರೂಮ್’ ಹಾಕಿದ ರಾತ್ರಿ ಕದ ಹಾಕಿದ್ದೆ. ಶುರುವಾಗಿ ಇಪ್ಪತ್ತು ನಿಮಿಷಕ್ಕ ನಮ್ಮ ಓಣಿ ಒಬ್ಬಾಕಿ ಎದ್ದು ಕತ್ತಲ್ಯಾಗ ಚಿಲಕ ಹುಡಕಾಕ ಹತ್ತಿದ್ಲು, ಸಿಗವಲ್ದು, ಕೈ ನಡಗಾಕ ಹತ್ತಿದ್ವು. ನಾನು ಹೋಗಿ ತಗದೆ. ಯಾಕ ಏನು ಅಂತ ಕೇಳ್ಲಿಲ್ಲ, ಆಕಿನೂ ಹೇಳ್ಲಿಲ್ಲ, ಮೆಟ್ಲ ಮ್ಯಾಲ ಕುಂತು ಗಾಳಿ ತಗೊಂಡು ಹತ್ತು ನಿಮಿಷ ಬಿಟ್ಟು ಒಳಗ ಬಂದು ಪೂರ್ತಿ ನೋಡಿದ್ಲು. ಅವತ್ತಿಂದ ಕದಕ್ಕ ಒಂದು ಇಟ್ಟಂಗಿ ಇಟ್ಟೀವಿ. ಅದನ್ನ ಯಾರೂ ಸರಸಬ್ಯಾಡ್ರಿ. ಗುಂಗಾಡಕ್ಕ ಬತ್ತಿ ಹಚ್ಚತೀನಿ.